ಗಕ್ಕನೆ ನಿಲ್ಲುವ ಕೈ

ಮರ್ಫಿ ಟೌನ್, ಬೆಂಗಳೂರು
೨೧ ಜನವರಿ ೨೦೦೪, ಬುಧವಾರ

ಪ್ರೀತಿಯ ಜಹನಾರಾ,

ನಿನಗೂ, ನಿನ್ನ ಯಜಮಾನರಿಗೂ, ಪುಟ್ಟಿಗೂ ನಿನ್ನ ಹಂಸಾ ಮಿಸ್ ಮಾಡುವ ಆಶೀರ್ವಾದ. ಚಿಂತಾಮಣಿಯ ಚಳಿಗೆ ಮಗುವಿಗೆ ಕಿವಿ ಮುಚ್ಚುವ ಟೋಪಿ ಹಾಕುತ್ತೀಯ ತಾನೆ? ರಂಜಾನಿಗೆ ನೀನು ಹಾಕಿದ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಕೆಲಸ ಜಾಸ್ತಿ ಎಂದು ನೆಪ ಹೇಳುವುದಿಲ್ಲ, ತಪ್ಪು ನನ್ನದೇ. ಎಷ್ಟು ಬೇಕೋ ಅಷ್ಟು ಬೈದುಕೋ.

"ಇನ್ನೂ ಆ ಗ್ರೌಂಡಲ್ಲಿ ಕೂಗಾಡ್ತಾನೇ ಇದ್ದೀರಾ ಮಿಸ್?" ಎಂದು ಕೇಳಿದ್ದೀಯ. ಕೂಗಾಡದೆ ಏನು ಮಾಡಲಿ ತಾಯಿ? ಅದೇ ಶಾಲೆ, ಅದೇ ಮೂವತ್ತು ಹೆಜ್ಜೆಯ ಅಂಗಳ, ಅದೇ ಮೋಟು ಗೋಡೆ. ಗೋಡೆಯಾಚೆ ಶೀಟಿನ ಮನೆಗಳೂ ಹಾಗೇ ಇವೆ. ಚೆಂಡು ಶೀಟಿನ ಮೇಲೆ ಬಿದ್ದರೆ ಹುಸೇನಮ್ಮ ಇವತ್ತಿಗೂ ಅದನ್ನು ಎತ್ತಿಟ್ಟುಕೊಂಡು, ನಾನೇ ಹೋಗಿ ಕೈ ಮುಗಿಯುವವರೆಗೂ ಕೊಡುವುದಿಲ್ಲ. ಅವಳಿಗೂ ವಯಸ್ಸಾಯಿತು, ಗಂಟಲು ಮಾತ್ರ ಹಾಗೇ ಇದೆ.

ಆದರೆ ನಾನು ಬದಲಾಗಿದ್ದೇನೆ. ಆ ಶೀಟುಗಳ ಭಯಕ್ಕೆ ನಾನು ನಿಮಗೆಲ್ಲ ಏನು ಕಲಿಸಿದೆ, ನೆನಪಿದೆಯಾ? "ಚೆಂಡು ಬಿಟ್ಟ ತಕ್ಷಣ ಕೈ ಹಿಡಿರೇ!" ಹಾಗೆ ಬೀಸಿದ ಕೈಯನ್ನು ನಡುವೆಯೇ ತಡೆದರೆ ಚೆಂಡು ಗೋಡೆ ದಾಟುತ್ತಿರಲಿಲ್ಲ. ಊರಿನ ಯಾವ ಮೈದಾನಕ್ಕೆ ಹೋದರೂ ನಮ್ಮ ಹುಡುಗಿಯರನ್ನು ಆ ಗಕ್ಕನೆ ನಿಲ್ಲುವ ಕೈಯಿಂದಲೇ ಗುರುತು ಹಿಡಿಯುತ್ತಿದ್ದರು. ನನಗೋ ಅದೊಂದು ಹೆಮ್ಮೆ. ಥ್ರೋಬಾಲ್ ಆಡಿಕೊಂಡಿದ್ದವಳು ಹತ್ತು ದಿನದ ಕ್ಯಾಂಪಿನಲ್ಲಿ ಸಾಫ್ಟ್‌ಬಾಲ್ ಕಲಿತು ಬಂದು, ಅದರಲ್ಲೊಂದು ಸ್ವಂತ ಶೈಲಿ ಕಂಡುಹಿಡಿದುಬಿಟ್ಟೆ ಅಂತ.

ಹೋದ ವರ್ಷ ಕೋಚ್‌ಗಳಿಗೆಂದು ಒಂದು ತರಬೇತಿ ನಡೆಯಿತು. ಅಲ್ಲಿ ನಾನು ಎಸೆದು ತೋರಿಸಿದೆ. ಕಲಿಸಲು ಬಂದಿದ್ದ ಹಿರಿಯ ಹೆಂಗಸು ಹತ್ತಿರ ಬಂದು ನನ್ನ ಭುಜ ಒತ್ತಿ ನೋಡಿದರು. "ಓಡೋ ಬಸ್ಸಿಗೆ ಹೀಗೆ ಬ್ರೇಕ್ ಹಾಕಿದ್ರೆ ಒಳಗಿರೋರ ಗತಿ ಏನಮ್ಮ? ಭುಜದ ಒಳಗೂ ಅಷ್ಟೇ. ಎಷ್ಟು ಮಕ್ಕಳಿಗೆ ಕಲ್ಸಿದ್ದೀಯ ಇದನ್ನ?" ಎಂದರು.

ವಾಪಸ್ ಬಂದವಳೇ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆ. ಈಗ ಒಬ್ಬೊಬ್ಬಳ ಕೈಗೂ ಮೊದಲು ಒದ್ದೆ ಟವೆಲ್ ಕೊಡುತ್ತೇನೆ, ಚೆಂಡಲ್ಲ. ಎಡಗಾಲು ಮುಂದಿಡಬೇಕು, ಸೊಂಟ ತಿರುಗಬೇಕು, ಮೊಣಕೈ ಭುಜದ ಮಟ್ಟಕ್ಕೆ ಬರಬೇಕು, ಆಮೇಲೆ ಕೈಯನ್ನು ತಡೆಯದೆ ಹೋಗಲು ಬಿಡಬೇಕು. ಟವೆಲಿನ ತುದಿ ಎಡ ಮಂಡಿಗೆ ಫಟ್ ಎಂದು ಬಡಿದರೆ ಸರಿ, ಬಡಿಯದಿದ್ದರೆ ಎಲ್ಲೋ ಬ್ರೇಕ್ ಬಿದ್ದಿದೆ ಎಂದರ್ಥ. ಚೆಂಡಿನ ಎಸೆತಕ್ಕೆ ಶನಿವಾರ ಶನಿವಾರ ಹಲಸೂರು ಕೆರೆ ಕಡೆಯ ದೊಡ್ಡ ಮೈದಾನಕ್ಕೆ ನಡೆಸಿಕೊಂಡು ಹೋಗುತ್ತೇನೆ.

ಬ್ಯಾಟಿಂಗಿನ ಕಥೆ ಇನ್ನೊಂದು. ನಮ್ಮ ಹುಡುಗಿಯರು ಬ್ಯಾಟ್ ಹಿಡಿದರೆ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹಾಗೆ ಮೇಲಿನಿಂದ ಕೆಳಕ್ಕೆ ಬೀಸುತ್ತಾರೆ. ನಲ್ಲಿಯಿಂದ ಬಿಂದಿಗೆ ಹೊತ್ತು ಹೊತ್ತು ಸೊಂಟ ಒಂದು ಕಡೆಗೇ ಕೂತುಬಿಟ್ಟಿರುತ್ತದೆ. ಅದಕ್ಕೆ ಬೆನ್ನ ಹಿಂದೆ ಅಡ್ಡಕ್ಕೆ ಕೋಲು ಕೊಟ್ಟು, ಎರಡೂ ಮೊಣಕೈಯಲ್ಲಿ ಸಿಕ್ಕಿಸಿಕೊಂಡು ಚೆಂಡು ಎಸೆಯುವ ಪಿಚರ್ ಕಡೆಗೆ ತಿರುಗಿ ಎನ್ನುತ್ತೇನೆ. "ಹೊಕ್ಕಳು ಪಿಚರ್ ಕಡೆ ನೋಡ್ಬೇಕು! ಹೊಕ್ಕಳು ಮೊದ್ಲು, ಕೈ ಆಮೇಲೆ!" ಎಂದು ಇಡೀ ತಂಡ ಒಟ್ಟಿಗೆ ಕೂಗುತ್ತದೆ. ಒಂದು ದಿನ ಹೆಡ್‌ಮಾಸ್ಟರ್ ಮುನಿರಾಜಪ್ಪನವರು ಆಫೀಸಿನಿಂದ ಓಡಿ ಬಂದರು. "ಏನ್ರೀ ಮೇಡಂ ಇದು, ಹೆಣ್ಮಕ್ಕಳ ಬಾಯಲ್ಲಿ ಏನೇನ್ ಕೂಗಿಸ್ತಿದ್ದೀರಾ? ರೋಡಿಗೆಲ್ಲಾ ಕೇಳುತ್ತೆ!" ಹುಡುಗಿಯರು ನೆಲಕ್ಕೆ ಬಿದ್ದು ನಕ್ಕರು. ನಾನೂ ನಕ್ಕೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಂಟನೇ ಕ್ಲಾಸಿನಲ್ಲಿ ಪಟಾಲಮ್ಮ ಎಂಬ ಹುಡುಗಿ ಇದ್ದಾಳೆ. ಅಜ್ಜಿ ದೊಡ್ಡಮುನಿಯಮ್ಮ ಆ ದೇವಿಗೆ ಹೊತ್ತ ಹರಕೆಯಿಂದ ಬಂದ ಹೆಸರು. ಹೆಸರಿಗೆ ಯಾರಾದರೂ ನಕ್ಕರೆ ಅವರ ಕಥೆ ಮುಗಿಯಿತು. ಆಡುವುದು ಥರ್ಡ್ ಬೇಸಿನಲ್ಲಿ, ನಿನ್ನ ಜಾಗದಲ್ಲೇ. ನಿನ್ನ ನಂತರ ಅಂಥ ತೋಳು ಈ ಅಂಗಳದಲ್ಲಿ ಕಂಡಿರಲಿಲ್ಲ. ಕೆಳಗಿನ ಕ್ಲಾಸುಗಳಲ್ಲೇ ಸೀನಿಯರ್‌ಗಳನ್ನು ನೋಡಿ ಹಳೆಯ ಕೈ ಕಲಿತುಬಿಟ್ಟಿದ್ದಳು. ಹೊಸದಾಗಿ ತಿದ್ದಲು ಹೊರಟರೆ ಚೆಂಡಿನ ವೇಗ ಅರ್ಧವಾಯಿತು, ಗುರಿಯೂ ಕೆಟ್ಟಿತು. ಈ ಭಾನುವಾರವೇ ಜಿಲ್ಲಾ ತಂಡದ ಸೆಲೆಕ್ಷನ್ ಇತ್ತು. ಮೂರು ವರ್ಷದಿಂದ ನಮ್ಮ ಶಾಲೆಯಿಂದ ಯಾರೂ ಆಯ್ಕೆಯಾಗಿಲ್ಲ.

"ಹಳೇ ಕೈಲೇ ಎಸೀಲಿ ಬಿಡಿ ಮೇಡಂ. ಒಂದು ದಿನದ ಮಾತು ತಾನೇ? ಆಮೇಲೆ ನಿಧಾನಕ್ಕೆ ತಿದ್ಕೊಳ್ಳಿ," ಎಂದರು ಮುನಿರಾಜಪ್ಪ. ಹುಡುಗಿಯೂ ಅದನ್ನೇ ಹೇಳಿದಳು. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಆದರೆ ಸಂಕ್ರಾಂತಿಯ ದಿನ ಎಳ್ಳು ಕೊಡಲು ಅವರ ಮನೆಗೆ ಹೋಗಿದ್ದೆ. ಪಟಾಲಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. "ಬಲಗೈ ಮೇಲಕ್ಕೇ ಬರಾಕಿಲ್ಲ ಕಣವ್ವ. ದಿನಾ ಎಣ್ಣೆ ಕಾಸಿ ತಿಕ್ತೀನಿ. ನಿಮ್ಗೆ ಹೇಳ್ಬ್ಯಾಡ ಅಂತಾಳೆ," ಎಂದಳು ಅಜ್ಜಿ. ನೀನೂ ಎಡಗೈಯಲ್ಲೇ ತಲೆ ಬಾಚುತ್ತಿದ್ದೆ ಜಹನಾರಾ. ಕೊನೆಯ ವರ್ಷ. ನಾನು ನೋಡಿದ್ದೆ. ಅಲ್ಲೇ ನಿಂತು ತೀರ್ಮಾನ ಮಾಡಿದೆ. ಇವಳು ಸೆಲೆಕ್ಟ್ ಆಗದಿದ್ದರೂ ಸರಿ, ಈ ತೋಳು ಹಾಳಾಗಲು ಬಿಡುವುದಿಲ್ಲ.

ಮೂರು ದಿನ ಚೆಂಡು ಮುಟ್ಟಿಸಲಿಲ್ಲ. ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋದೆ. ಬ್ಯಾಟಿಂಗಿನಲ್ಲಿ ಹೊಕ್ಕಳು ಸರಿಯಾಗಿ ತಿರುಗಿತು. ಎರಡು ಚೆಂಡು ಬೇಲಿ ಮುಟ್ಟಿದವು, ಎಲ್ಲರೂ ತಿರುಗಿ ನೋಡಿದರು. ಆಮೇಲೆ ಎಸೆತ. ಥರ್ಡ್ ಬೇಸಿನಿಂದ ಮೈದಾನದ ಆ ಬದಿಯ ಫಸ್ಟ್ ಬೇಸಿಗೆ ಐದು ಅವಕಾಶ. ಮೊದಲನೆಯದು ಅಡ್ಡ ಹೋಯಿತು, ಎರಡನೆಯದು ನೆಲಕ್ಕೆ ಬಡಿಯಿತು. ಮೂರು, ನಾಲ್ಕು ಸರಿಯಾಗಿ ಸೇರಿದವು, ಆದರೆ ನಿಧಾನ. ಐದನೆಯದಕ್ಕೆ ಮುಂಚೆ ನನ್ನ ಕಡೆ ತಿರುಗಿ, ತನ್ನ ಬಲ ಭುಜ ತಟ್ಟಿ ತೋರಿಸಿದಳು. ಹಳೆಯ ಕೈ ಬಳಸಲೇ ಎಂದು ಕೇಳುತ್ತಿದ್ದಾಳೆ! "ಬೇಡ! ಟವೆಲ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಟವೆಲಿನ ಹಾಗೇ ಎಸೆದಳು. ಎಷ್ಟು ಸಲೀಸಾದ ಎಸೆತ ಗೊತ್ತಾ! ಕೈ ಮಂಡಿಯವರೆಗೂ ಹರಿದು ಬಂತು. "ಚೆನ್ನಾಗಿ ಎಸೀತಾಳೆ ಮೇಡಂ, ಆದ್ರೆ ಸ್ಪೀಡ್ ಸಾಲಲ್ಲ. ಮುಂದಿನ್ ವರ್ಷ ನೋಡೋಣ," ಎಂದರು ಸೆಲೆಕ್ಟರ್ ಮಧುಕರ್.

ಬಸ್ಸಿನಲ್ಲಿ ಪಟಾಲಮ್ಮ ನನ್ನ ಪಕ್ಕ ಕೂರಲಿಲ್ಲ. ಸೋಮವಾರ ಸ್ಟಾಫ್ ರೂಮಿಗೇ ಬಂದು, "ನಿಮ್ಮಿಂದಾನೇ ಮಿಸ್ ನಂಗೆ ಸೆಲೆಕ್ಷನ್ ತಪ್ಪಿ ಹೋಗಿದ್ದು" ಎಂದಳು. ಕಣ್ಣು ಕೆಂಪಗಿತ್ತು. "ಹೌದು, ನನ್ನಿಂದಾನೇ. ತಪ್ಪು ಕಲಿಸಿದ್ದೂ ನಮ್ಮ ಅಂಗಳವೇ, ಈಗ ತಡೆದಿದ್ದೂ ನಾನೇ," ಎಂದೆ. ಬಾಗಿಲು ಧಡ್ ಎಂದು ಹಾಕಿಕೊಂಡು ಹೋದಳು. ಇವತ್ತಿನವರೆಗೂ ಪ್ರಾಕ್ಟೀಸಿಗೆ ಬಂದಿಲ್ಲ. ಬರುತ್ತಾಳೆ. ಬರದಿದ್ದರೆ ಟವೆಲ್ ಹಿಡಿದು ನಾನೇ ಅವಳ ಮನೆ ಮುಂದೆ ನಿಲ್ಲುತ್ತೇನೆ, ಬಿಡುವವಳಲ್ಲ.

ಅವಳು ಯಾಕೆ ಆಯ್ಕೆಯಾಗಲಿಲ್ಲ ಎಂದು ಮುನಿರಾಜಪ್ಪನವರು ರಿಪೋರ್ಟ್ ಕೇಳಿದರು. "ಮನೆಯೋರು ಪ್ರಾಕ್ಟೀಸಿಗೆ ಕಳಿಸ್ಲಿಲ್ಲ ಅಂತ ಬರೆದ್ಬಿಡಿ ಮೇಡಂ. ಯಾರೂ ಕೇಳಲ್ಲ," ಎಂದರು. ನಾನು ಪೆನ್ನು ತೆಗೆದುಕೊಂಡೆ. "ಕೋಚ್ ಕಲಿಸಿದ ಪದ್ಧತಿಯ ದೋಷ. ಈಗ ತಿದ್ದಲಾಗುತ್ತಿದೆ" ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಅವರ ಮುಖ ಗಂಟಾಯಿತು, ಆಗಲಿ.

ಪುಟ್ಟಿ ನಡೆಯಲು ಕಲಿತ ಮೇಲೆ ಒಮ್ಮೆ ಕರೆದುಕೊಂಡು ಬಾ. ನಿನ್ನ ಮನೆ ತುಂಬಿರಲಿ, ಮಗುವಿನ ಕೈಕಾಲು ಗಟ್ಟಿಯಾಗಿರಲಿ.

ಇಂತಿ ನಿನ್ನ,
ಹಂಸಾ ಮಿಸ್

ಮರೆತು ಬಿಟ್ಟ ಮಾತಲ್ಲ, ಧೈರ್ಯ ಸಾಲದೆ ಕೆಳಗೆ ಬರೆಯುತ್ತಿದ್ದೇನೆ: ತೊಂಬತ್ತೈದರಲ್ಲಿ ರಾಜ್ಯ ತಂಡದ ಪಟ್ಟಿಯಿಂದ ನಿನ್ನ ಹೆಸರು ತೆಗೆಸಿದ್ದು ನಿನ್ನ ಅಬ್ಬಾ ಅಲ್ಲ. ನಾನು. ನಿನ್ನ ಭುಜ ಮುಗಿದಿತ್ತು. ಡಾಕ್ಟರ್ ಪರೀಕ್ಷೆ ಮಾಡಿದರೆ ಕಲಿಸಿದವರು ಯಾರು ಎಂದು ಕೇಳುತ್ತಾರೆಂದು ಹೆದರಿ, "ಅವಳ ತಂದೆ ಒಪ್ತಿಲ್ಲ" ಎಂದು ಬರೆದು ಕೊಟ್ಟೆ. ಸಾಬರ ಮನೆ ಹುಡುಗಿ ಎಂದ ಮೇಲೆ ಎಲ್ಲರೂ ಒಂದೇ ಮಾತಿಗೆ ನಂಬಿದರು. ನಿನಗೂ ಅದನ್ನೇ ಹೇಳಿದೆ. ನಿನ್ನ ಅಬ್ಬಾ, ಮುನಾವರ್ ಸಾಹೇಬರು, ಶಿವಾಜಿನಗರದ ತಮ್ಮ ಸೂಟ್‌ಕೇಸ್ ರಿಪೇರಿ ಅಂಗಡಿಯಲ್ಲಿ ನಿಮ್ಮೆಲ್ಲರ ಗ್ಲೌಸ್ ಹೊಲಿದುಕೊಡುತ್ತಿದ್ದವರು. ಒಂದು ದಿನ ಶಾಲೆಗೆ ಬಂದು, "ನಾನು ಬ್ಯಾಡ ಅಂತ ಯಾವಾಗ ಅಂದೆ ಮಿಸ್? ಮಗಳು ನನ್ ಜೊತೆ ಮಾತೇ ಆಡ್ತಿಲ್ಲ," ಎಂದರು. "ಎಲ್ಲಾ ಮುಗಿದೋಯ್ತಲ್ಲ ಸಾಹೇಬ್ರೇ, ಈಗ್ಯಾಕೆ" ಎಂದು ಕಳಿಸಿಬಿಟ್ಟೆ. ರಂಜಾನಿನ ಕಾಗದದಲ್ಲಿ ನೀನು "ಅಬ್ಬಾ ಬಿಟ್ಟಿದ್ದರೆ ನಾನೂ ಸ್ಟೇಟ್ ಆಡ್ತಿದ್ದೆ, ಆ ಸಿಟ್ಟು ಇನ್ನೂ ಹೋಗಿಲ್ಲ" ಎಂದು ಬರೆದಿದ್ದೀಯ. ಅವರು ಯಾವತ್ತೂ ಬೇಡ ಎನ್ನಲಿಲ್ಲ ಕಣೇ. ನನಗೆ ಉತ್ತರ ಬರೆಯಬೇಡ. ಮೊದಲು ಅವರ ಹತ್ತಿರ ಹೋಗು.