ಅರ್ಧ ಉಳಿದ ಏಣಿ

ಅತ್ತಿಗೆಯವರೇ,

ಹಾಳಾಗಬಾರದೆಂದು ನನ್ನ ಮಗಳು ಬಿಡಿಸಿದ ಚಿತ್ರಗಳನ್ನೆಲ್ಲ ಒಯ್ದು, ಸ್ಕ್ಯಾನ್ ಮಾಡಿ, ಫೋನಿನ ನೋಟ್ಸ್ ಆ್ಯಪಿನಲ್ಲಿ ‘ನಮ್ಮ ಕುಟುಂಬ’ ಎಂದು ಜೋಪಾನವಾಗಿ ಸೇರಿಸಿದ್ದೀರಿ. ನೋಡಿದೆ. ಪ್ರತಿ ಚಿತ್ರದ ಅಂಚಿನಲ್ಲಿ ನಿಂತಿದ್ದ ನನ್ನ ಗಂಡ ಎಲ್ಲಿ? ಒಂದರಲ್ಲಿ ಅವರು ಗೋಡೆಗೆ ಬಣ್ಣ ಬಳಿಯಲು ಹತ್ತುವ ಏಣಿ ಅರ್ಧ ಉಳಿದಿದೆ, ಮನುಷ್ಯನೇ ಇಲ್ಲ. ಕೇಳಿದರೆ, “ಫೋನಲ್ಲಿ ಅಷ್ಟಗಲ ಹಿಡಿಯಲ್ಲ ಕಣಮ್ಮಾ” ಅಂದಿರಿ. ನನ್ನ ಕಿವಿಗೆ ಹೂವಿಡಬೇಡಿ. ನಮ್ಮ ಮದುವೆಗೆ ಬರಲೂ ನಿಮಗೆ ಕಾರಿನಲ್ಲಿ ಜಾಗ ಸಾಲದೆ ಹೋಗಿತ್ತು.

ಮೂಲ ಹಾಳೆಗಳನ್ನು ಮಡಚದೆ ಅಣ್ಣನ ಕೈಲಿ ಕಳಿಸಿ.

ಇದರ ಜೊತೆ ಹೊಸ ಚಿತ್ರವೊಂದಿದೆ. ನೀವು ಕತ್ತರಿಸಿದ್ದನ್ನು ಮಗಳೂ ನೋಡಿದ್ದಾಳೆ. ಅದಕ್ಕೇ ಈ ಸಲ ಅಪ್ಪನನ್ನು ನಟ್ಟನಡುವೆ ನಿಲ್ಲಿಸಿದ್ದಾಳೆ. ಅವರ ಒಂದು ಕೈಯನ್ನು ಅಜ್ಜಿ ಹಿಡಿದಿದ್ದಾರೆ, ಇನ್ನೊಂದನ್ನು ನೀವು.

ಈಗ ಕತ್ತರಿಸಿ, ನೋಡೋಣ.

ಇತಿ,
ಚಿತ್ರದಲ್ಲಿ ಇನ್ನೂ ಉಳಿದಿರುವ
ನಿಮ್ಮ ನಾದಿನಿ