ಇವರು ಕಡಲು ತೋರಿಸಿದ್ದು

ಡಿಸೆಂಬರ್ 8, ಮಿರಜ

ನೀರು ಸೋಸುವ ಬಟ್ಟೆ ಒಗೆದು ಹಾಕಿದೆ. ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಇವರು ಅಂಗಡಿಯಿಂದ ಬಂದು ಹೊಸ್ತಿಲಲ್ಲಿ ನಿಂತೇ ಹೇಳಿದರು, "ನಾಡದ ಕೊಂಕಣಕ್ಕ ಹೋಗೂಣು. ನೀನು, ನಾನು, ಅಷ್ಟ."

ಮದುವೆಯಾಗಿ ಇಪ್ಪತ್ತೇಳು ವರ್ಷ. ಪ್ರವಾಸ ಅಂದರೆ ನಮಗೆ ಕುಂಭೋಜದ ಬಾಹುಬಲಿ, ಇಲ್ಲವೇ ಸ್ತವನಿಧಿ. ಸಂಜೆಗೆ ವಾಪಸ್. ಒಣದ್ರಾಕ್ಷಿ ಅಂಗಡಿ ಬಿಟ್ಟು ಒಂದು ರಾತ್ರಿ ಹೊರಗೆ ಇದ್ದವರಲ್ಲ. ಈಗ ಅಂಗಡಿಯ ಕೀಲಿಗೊಂಚಲನ್ನೇ ಮಗ ಅಭಿಜಿತನ ಕೈಗೆ ಕೊಟ್ಟಿದ್ದಾರಂತೆ. ಯಾಕಪ್ಪಾ ಅಂತ ಕೇಳಿದರೆ, "ಮಲಾ ಕಾಯ ಮಾಹೀತ, ಆಯಿ." ಮಗರಾಯನಿಗೆ ಏನೂ ಗೊತ್ತಿಲ್ಲ.

ಪಕ್ಕದ ಮನೆ ಪದ್ಮವ್ವನ ಮುಂದೆ ಬಾಯಿ ಬಿಡಬಾರದಿತ್ತು. ಬಿಟ್ಟೆ. "ಗಂಡಸು ಒಮ್ಮಿಂದೊಮ್ಮಿ ಛಲೋ ಆದಾ ಅಂದ್ರ ಎಲ್ಲೋ ಕಾಲ ಜಾರೈತಿ ಅಂತ ತಿಳಿ, ತಂಗಿ," ಅಂದಳು. ಆಕೆಯ ಬಾಯಿಗೆ ಹುಳ ಬೀಳಲಿ. ಆದರೆ ಮಾತು ತಲೆಯಿಂದ ಹೋಗುತ್ತಿಲ್ಲ.

ಡಿಸೆಂಬರ್ 10, ಆಂಬೋಲಿ ಘಾಟು

ಜ್ಯೋತೆಪ್ಪನ ಬಾಡಿಗೆ ಗಾಡಿ. ಮಾಲಗಾಂವದವನು, ಮಾತಿನ ಮಲ್ಲ. ಜಲಪಾತ ಜಲಪಾತ ಅಂತ ಹೇಳಿ ಇಳಿಸಿದ. ಇಷ್ಟೇನಾ! ನಮ್ಮ ಮನೆಯ ಟಾಕಿ ತುಂಬಿ ಚೆಲ್ಲಿದರೂ ಇದಕ್ಕಿಂತ ಜೋರು. ಕಣಿವೆ ಮಾತ್ರ... ಅಬ್ಬಾ. ಎಷ್ಟು ಹಸಿರು, ಎಷ್ಟು ಆಳ. ಬಾಯಿ ಬಿಟ್ಟು ನೋಡುತ್ತಾ ನಿಂತೆ. ಪಕ್ಕಕ್ಕೆ ತಿರುಗಿದರೆ ಇವರು ಕಣಿವೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಯಾಕೆ?

ಅಂದಹಾಗೆ, ಇವರು ತಲೆಗೆ ಬಣ್ಣ ಹಚ್ಚುವುದು ಬಿಟ್ಟು ಎರಡು ತಿಂಗಳಾಯಿತು. ಕಾಲು ಜಾರಿದ ಗಂಡಸು ಹಚ್ಚಿಕೊಳ್ಳಬೇಕು, ಬಿಡುವುದಲ್ಲ. ಅಥವಾ ಆಕೆಗೆ ಬಿಳಿ ಕೂದಲೇ ಇಷ್ಟವೋ ಏನೋ.

ಡಿಸೆಂಬರ್ 11, ವೆಂಗುರ್ಲೆ

ಕಡಲು ನೋಡಿದೆ!

ಮಗಳ ಮದುವೆ ಮಾಡಿದ ಹೆಂಗಸು, ಸೀರೆ ಎತ್ತಿ ಹಿಡಿದು ಮೊಣಕಾಲ ತನಕ ನೀರಿಗಿಳಿದು ಕೂಗಿಬಿಟ್ಟೆ. ನಾಚಿಕೆಯೂ ಆಗಲಿಲ್ಲ. ತೆರೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳು ಕದ್ದುಕೊಂಡು ಹೋಗುತ್ತದೆ. ಸುಖ ಅಂದರೆ ಸುಖ. "ಬರ್ರಿ," ಅಂದೆ.

"ನೀರಾಗ ಜೀವ ಇರ್ತಾವ, ತುಳಿಯೂದು ಬ್ಯಾಡ. ನೀ ಆಡು."

ಒಳ್ಳೆಯ ನೆಪ. ಅಂಗಡಿಯಲ್ಲಿ ಇರುವೆಗೆ ಪುಡಿ ಹಾಕಿಸುವಾಗ ಈ ಜೀವಗಳೆಲ್ಲ ಎಲ್ಲಿದ್ದವು?

ಇಲ್ಲಿಗೆ ಬಂದವರೆಲ್ಲ ಮುಳುಗುವ ಸೂರ್ಯನ ಫೋಟೋ ತೆಗೆಯುತ್ತಾರೆ. ನಮಗೆ ಅವನು ಮುಳುಗುವ ಮುಂಚೆ ಊಟ ಮುಗಿಯಬೇಕು. ಜನ ಸೂರ್ಯನನ್ನು ನೋಡಿದರು, ನಾನು ತಾಟು ನೋಡಿದೆ. ಯಾವ ಖಾನಾವಳಿಗೆ ಹೋದರೂ ಮೀನಿನ ವಾಸನೆ. ಗಾಡಿಯಲ್ಲೇ ಕುಳಿತು ಮನೆಯ ರೊಟ್ಟಿ ಚಟ್ನಿ ತಿಂದೆ. ಇವರು ತಿನ್ನಲಿಲ್ಲ. ಬೆಳಿಗ್ಗೆ ಒಮ್ಮೆ ತಿಂದದ್ದೇ. ಕೇಳಿದರೆ ಹಸಿವಿಲ್ಲ.

ಲಾಡ್ಜಿನಲ್ಲಿ ದೊಡ್ಡ ಮಂಚವಿದೆ. ಇವರು ನೆಲದ ಮೇಲೆ ಚಾಪೆ ಹಾಸಿಕೊಂಡರು. "ಟೊಂಕ ಹಿಡದೈತಿ." ಮಿರಜಿನಲ್ಲಿ ಗಲ್ಲಿಗೊಬ್ಬ ಡಾಕ್ಟರ್ ಇದ್ದಾನೆ. ಅಲ್ಲಿ ಹಿಡಿಯದ ಸೊಂಟ ಇಲ್ಲಿ ಹೆಂಡತಿಯ ಪಕ್ಕದಲ್ಲಿ ಮಲಗುವಾಗ ಹಿಡಿಯಿತೇ?

ಡಿಸೆಂಬರ್ 12, ಬೆಳಿಗ್ಗೆ

ಸ್ನಾನಕ್ಕೆ ಹೋದ ಹಾಗೆ ಮಾಡಿ ಬಾಗಿಲ ಹಿಂದೆ ನಿಂತೆ. ಕದ್ದು ಕೇಳುವುದು ತಪ್ಪು. ಗೊತ್ತು.

ಇವರು ಗ್ಯಾಲರಿಯಲ್ಲಿ ಫೋನ್ ಹಿಡಿದಿದ್ದರು. ಕಿವಿ ಮಂದ, ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ. ನನ್ನ ಪುಣ್ಯ. ಹೆಣ್ಣು ಧ್ವನಿ. ಎಳೆಯದು.

"ಮನಿಯವರಿಗೆ ಹೇಳೀರೇನ್ರಿ? ಅವರ ಒಪ್ಪಿಗಿ ಇಲ್ಲಾಂದ್ರ ಮುಂದ ಏನೂ ಆಗೂದಿಲ್ಲ ನೋಡ್ರಿ."

"ಇಂದ ನಾಳೆ ಹೇಳತೇನ್ರಿ. ಮೊದಲ ಆಕಿಗೆ ಕಡಲಾ ಕಣ್ತುಂಬ ತೋರಸ್ತೇನಿ."

ಒಪ್ಪಿಗೆ! ನನ್ನ ಒಪ್ಪಿಗೆ! ಕಡಲು ತೋರಿಸಿ ಖುಷಿಪಡಿಸಿ, ಹೆಂಡತಿಯನ್ನು ಬಿಡುವ ಸೋಡಚಿಠ್ಠಿಗೆ ಸಹಿ ಹಾಕಿಸಿಕೊಳ್ಳುವ ಹಂಚಿಕೆ. ಕಡಿಯುವ ಕುರಿಗೆ ಹಾರ ಹಾಕುತ್ತಾರಲ್ಲ, ಹಾಗೆ. ಮಗಳು ಸಾಯಲೀಗೆ ಫೋನ್ ಮಾಡಲೇ? ಅವಳ ಮುಂದೆ ಅವಳ ಅಪ್ಪನ ಬಗ್ಗೆ ಏನಂತ ಹೇಳಲಿ...

ಡಿಸೆಂಬರ್ 14, ದೇವಬಾಗ

ನಿನ್ನೆ ಬರೆಯಲಿಲ್ಲ. ಮಾತೂ ಆಡಲಿಲ್ಲ. ಧಾಮಾಪುರದ ಕೆರೆ ತೋರಿಸಿದರು, ಅದಕ್ಕೆ ಬೆನ್ನು ಹಾಕಿ ಕುಳಿತೆ.

ಇವತ್ತು ಕರ್ಲಿ ನದಿ ಕಡಲು ಸೇರುವ ಜಾಗ. ಒಂದು ಮಗ್ಗುಲಿಗೆ ನದಿ, ಒಂದು ಮಗ್ಗುಲಿಗೆ ಕಡಲು, ನಡುವೆ ಮರಳಿನ ಮೇಲೆ ನಾವಿಬ್ಬರೇ. ಕೇಳಿಯೇಬಿಟ್ಟೆ.

"ಆಕಿ ಯಾರ್ರಿ?"

"ಯಾರು?"

"ಫೋನಿನಾಕಿ. ನನ್ನ ಒಪ್ಪಿಗಿ ಬೇಕನ್ನಾಕಿ."

ಸಿಟ್ಟಾಗಲಿಲ್ಲ. ನಗಲೂ ಇಲ್ಲ. "ಮುನಿ ಮಹಾರಾಜರ ಸಂಘದಾಗಿನ ದೀದಿ ಆಕಿ. ಸಂಸಾರ ಬಿಟ್ಟಾಕಿ," ಅಂದರು. ನನ್ನ ಕಡೆ ತಿರುಗಿ, "ಮಾಘದಾಗ ನಾ ದೀಕ್ಷಾ ತಗೋಬೇಕಂತ ಮಾಡೇನಿ, ಅಲಕಾ. ನೀ ಹೂಂ ಅಂದ್ರ ಅಷ್ಟ."

ದೀಕ್ಷೆ. ತಲೆಗೂದಲು ಕೈಯಿಂದಲೇ ಕಿತ್ತುಕೊಂಡು, ಬಟ್ಟೆ ಬಿಟ್ಟು, ನವಿಲುಗರಿಯ ಪಿಂಛಿ ಹಿಡಿದು ಹೊರಟವರು ಮತ್ತೆ ಸಂಸಾರಕ್ಕೆ ಬರುವುದಿಲ್ಲ. ಊರ ಮೇಲೆ ಹಾದು ಹೋದರೆ ನಾನೂ ಎಲ್ಲರ ಹಾಗೆ ಬಾಗಿಲಲ್ಲಿ ಕೈ ಜೋಡಿಸಿ ನಿಲ್ಲಬೇಕು. ಅಂಗೈಗೆ ತುತ್ತು ನೀಡಬೇಕು. ಅಲಕಾ ಅಂತ ಕರೆಯುವುದಿಲ್ಲ. ಹೆಂಡತಿ ಅಂತ ನೋಡುವುದೂ ಇಲ್ಲ.

ಒಪ್ಪತ್ತು ಊಟ, ನೆಲದ ಹಾಸಿಗೆ, ನೀರು ತುಳಿಯದಿರುವುದು... ಇದೆಲ್ಲ ರೂಢಿ ಮಾಡಿಕೊಳ್ಳುತ್ತಿದ್ದರು. ಜೈನರ ಮನೆಯಲ್ಲಿ ಹುಟ್ಟಿ ಜೈನರ ಮನೆ ಸೇರಿದವಳು ನಾನು. ಬೇರೆಯವರ ಗಂಡನಾಗಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ. ನನ್ನ ಗಂಡನಾದದ್ದಕ್ಕೆ ಸವತಿ ಕಂಡಳು.

ಸವತಿಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಜುಟ್ಟು ಹಿಡಿದು ಜಗಳ ಆಡುತ್ತಿದ್ದೆ, ಊರೆಲ್ಲ ನನ್ನ ಕಡೆ ನಿಲ್ಲುತ್ತಿತ್ತು. ಈಗ ಸಮಾಜದವರು ಬಂದು ನನಗೇ ಹಾರ ಹಾಕುತ್ತಾರೆ, ಪುಣ್ಯವಂತೆ ಅನ್ನುತ್ತಾರೆ. ಅಳುವ ಹಾಗೂ ಇಲ್ಲ.

"ಮತ್ತ ಈ ಕೊಂಕಣ ಯಾಕ್ರಿ?"

"ಲಗ್ನಾದ ವರ್ಷ ಕೇಳಿದ್ದಿ, ಕಡಲಾ ತೋರಸ್ರಿ ಅಂತ. ನಿನ್ನ ಆಶಾ ಹಂಗ ಉಳಿಸಿ ನಾ ಹ್ಯಾಂಗ ಹೋಗ್ಲಿ? ಇನ್ನೇನರ ನೋಡೂದು ಉಳದಿದ್ರ ಹೇಳು. ಎಲ್ಲಾ ತೋರಸೇ ಹೋಗ್ತೇನಿ."

ಡಿಸೆಂಬರ್ 15, ಬೆಳಿಗ್ಗೆ

ಜ್ಯೋತೆಪ್ಪ ಬ್ಯಾಗು ಏರಿಸುತ್ತಿದ್ದ. "ಸೀದಾ ಮಿರಜಿಗೆ ಅಲ್ರಿ, ಅಕ್ಕಾರ?"

"ಇಲ್ಲ. ನಾ ಕುಣಕೇಶ್ವರ ನೋಡಿಲ್ಲ."

ಇವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. "ನಡಿ ಜ್ಯೋತೆಪ್ಪ," ಅಂದರು.

ಡಿಸೆಂಬರ್ 18, ವಿಜಯದುರ್ಗ

ಕುಣಕೇಶ್ವರ ಆಯಿತು. ದೇವಗಡ ಆಯಿತು. ಇಲ್ಲಿ ಕೋಟೆಯ ಮೂರು ಕಡೆ ಕಡಲು. ಜನ ಗೋಡೆ, ಬುರುಜು ನೋಡುತ್ತಿದ್ದರು. ನಾನು ಮುಂದೆ ನಡೆಯುತ್ತಿದ್ದ ಇವರ ಬೆನ್ನು ನೋಡಿದೆ.

ಮುಂದೆ ಏನೇನಿದೆ ಅಂತ ಜ್ಯೋತೆಪ್ಪನನ್ನು ಕೇಳಿದೆ. ಗಣಪತಿಪುಳೆ, ಗುಹಾಗರ, ಹರಿಹರೇಶ್ವರ ಅಂದ. ಅದರಾಚೆ? ಅಲೀಬಾಗ, ಮುಂಬಯಿ. ಅದರಾಚೆ? "ಗುಜರಾತ ಬಂತಲ್ರಿ ಅಕ್ಕಾರ!" ಅಂತ ನಕ್ಕ. ನಾನು ನಗಲಿಲ್ಲ. ಇವರೂ ನಗಲಿಲ್ಲ. ಇವರಿಗೆ ನನ್ನ ಹಂಚಿಕೆ ಗೊತ್ತಾಗಿದೆ. ಆದರೂ, "ಆತು, ಹೋಗೂಣು," ಅಂದರು.

ಉಹೂಂ ಅನ್ನುವ ಎದೆ ನನಗಿಲ್ಲ. ಧರ್ಮಕ್ಕೆ ಹೊರಟವರ ಕಾಲು ಹಿಡಿದು ಎಳೆದವಳು ಅನ್ನಿಸಿಕೊಳ್ಳಲಾರೆ. ಹೂಂ ಮಾತ್ರ ಅನ್ನುವುದಿಲ್ಲ. ಇದು ನೋಡಿಲ್ಲ, ಅದು ನೋಡಿಲ್ಲ ಅನ್ನುತ್ತೇನೆ, ಅಷ್ಟೆ.

ಹೊರಗಿನಿಂದ ಕರೆಯುತ್ತಿದ್ದಾರೆ. ಅಲಕಾ ಅಂತ. ಕೇಳಿಸದ ಹಾಗೆ ಬರೆಯುತ್ತಾ ಕುಳಿತಿದ್ದೇನೆ. ಇನ್ನೊಮ್ಮೆ ಕರೆಯಲಿ ಅಂತ —