ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು

ಐರಾವತಿ ನದಿ ದಂಡೆಯ ನಮ್ಮ ಊರು
(ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು)
ವಾಸೋ ಮಾಸದ ಹುಣ್ಣಿಮೆ ಕಳೆದು ಮೂರನೆಯ ದಿನ

ಮುದ್ದಿನ ಶ್ವೇ ಯೀ,

ಹೇಗಿದ್ದೀಯ ಮಗಳೇ? ಗಡಿಯಾಚೆಯ ಆ ಶಿಬಿರದಲ್ಲಿ ನಿನಗೆ ಮತ್ತೆ ಮಲೇರಿಯಾ ಬಂದಿತ್ತೆಂದು ಈ ಕಾಗದ ತರುವ ಲುಂಗಿ ವ್ಯಾಪಾರದ ಅಕ್ಕ ಹೇಳಿದಳು. ನರ್ಸಾಗಿ ಊರಿಗೆಲ್ಲ ಮಾತ್ರೆ ಕೊಟ್ಟವಳು ನೀನು ಮಾತ್ರ ನುಂಗುವುದಿಲ್ಲ, ಚಿಕ್ಕಂದಿನಿಂದಲೂ ಅಷ್ಟೇ. ಸೊಳ್ಳೆ ಪರದೆ ಕಟ್ಟಿಕೊಂಡು ಮಲಗು. ನನ್ನ ಮಂಡಿನೋವು ಹಾಗೇ ಇದೆ. ಅಪ್ಪನ ರಕ್ತದೊತ್ತಡ ಏರಿದ್ದು ಇಳಿದಿಲ್ಲ. ಮೊದಲಿನಂತೆ ಬೆಳಿಗ್ಗೆ ಚಹದಂಗಡಿಗೂ ಹೋಗುವುದಿಲ್ಲ. ಅಲ್ಲಿ ಯಾರೂ ಅವರ ಪಕ್ಕ ಕೂರುವುದಿಲ್ಲ.

ಪತ್ರಿಕೆಯಲ್ಲಿ ಬಂದ ಪ್ರಕಟಣೆಯನ್ನು ನೀನು ನೋಡಿರುತ್ತೀಯ. ಯಾರಾದರೂ ಫೋಟೋ ತೆಗೆದು ಕಳಿಸಿರುತ್ತಾರೆ. 'ಹೆತ್ತವರ ಮಾತು ಮೀರಿ ನಡೆದ ಕಾರಣ ಶ್ವೇ ಯೀ ಇಂದಿನಿಂದ ನಮ್ಮ ಮಗಳಲ್ಲ, ಆಕೆಗೆ ಸಂಬಂಧಿಸಿದ ಯಾವುದಕ್ಕೂ ನಾವು ಹೊಣೆಯಲ್ಲ.' ಕೆಳಗೆ ಅಪ್ಪನ ಹೆಸರು, ನನ್ನ ಹೆಸರು. ಅದನ್ನು ನಾವೇ ಹಾಕಿಸಿದ್ದು. ಒಕ್ಕಣೆ ಮಾತ್ರ ನಮ್ಮದಲ್ಲ. ವಾರ್ಡಿನ ಅಧಿಕಾರಿ ತೇಂಗ್ ಹಾನ್ ಮಾದರಿ ಹಾಳೆಯೊಂದನ್ನು ತಂದುಕೊಟ್ಟಿದ್ದ. ಅಪ್ಪನ ಹತ್ತಿರವೇ ಅಕ್ಷರ ಕಲಿತವನು, ಜಗಲಿಯ ಮೇಲೂ ಕೂರದೆ ನಿಂತೇ ಮಾತಾಡಿದ. ಈ ವಾರದೊಳಗೆ ಪ್ರಕಟಣೆ ಬರದಿದ್ದರೆ ಮನೆಗೆ ಬೀಗಮುದ್ರೆ ಬೀಳುತ್ತದೆ, ತನ್ನ ಕೈಲಿ ಏನೂ ಇಲ್ಲ ಎಂದ. ಅಪ್ಪ ಕನ್ನಡಕ ಹಾಕಿಕೊಂಡು ನಕಲು ಮಾಡಲು ಕೂತರು. ಆ ಹಾಳೆಯಲ್ಲಿ 'ಮಗಳು' ಅನ್ನುವ ಪದವನ್ನೇ ತಪ್ಪಾಗಿ ಬರೆದಿದ್ದರಂತೆ. ಅಪ್ಪ ಅದನ್ನು ತಿದ್ದಿದರು. ತಿದ್ದಿದ ಮೇಲೆ ಪೆನ್ನು ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಉಳಿದ ಎರಡು ಸಾಲು ನಾನು ಬರೆದೆ.

ಮನೆ ಹೋದರೆ ಹೋಗಲಿ ಅನ್ನಬಹುದಿತ್ತು, ನೀನಾಗಿದ್ದರೆ ಹಾಗೇ ಅನ್ನುತ್ತಿದ್ದೆ. ಆದರೆ ಜೈಲಿಗೆ ಊಟದ ಪೊಟ್ಟಣ ಕೊಡಬೇಕಾದರೆ ವಾರ್ಡಿನ ವಿಳಾಸ ಚೀಟಿ ಬೇಕು. ಮನೆ ಇಲ್ಲದವರಿಗೆ ಚೀಟಿ ಇಲ್ಲ. ನಿನ್ನ ತಮ್ಮ ಪ್ಯೇ ಸೋನ್ ಒಳಗಿದ್ದಾನೆ, ಅದು ನಿನಗೆ ತಿಳಿದಿದೆ. ನಿನ್ನ ಪೋಸ್ಟಿಗೆ ಹಾರ್ಟ್ ಒತ್ತಿದ್ದಕ್ಕೆ ಮೂರು ವರ್ಷ. 'ಅಷ್ಟು ಹೇಳಿದ್ರೂ ಆ ಪೆದ್ದ ಯಾಕೆ ಒತ್ತಿದ' ಎಂದು ನೀನು ವ್ಯಾಪಾರದ ಅಕ್ಕನ ಮುಂದೆ ಕಣ್ಣೀರು ಹಾಕಿದೆಯಂತೆ. ಅವನನ್ನು ಬೈಯಬೇಡ. ಒತ್ತಿದ್ದು ನಾನು.

ಊರಿನಲ್ಲಿ ಸೈನಿಕರು ಹಿಡಿದುಕೊಂಡು ಹೋದ ಹನ್ನೊಂದು ಜನರ ಹೆಸರು ಬರೆದ ಹಾಳೆ ಹಿಡಿದು ನೀನು ನಿಂತಿದ್ದ ಫೋಟೋ ಅದು. ನಿನ್ನ ಮುಖ ನೋಡಿ ಎರಡು ವರ್ಷವಾಗಿತ್ತು. ಕತ್ತಿನ ಮೂಳೆ ಕಾಣುತ್ತಿತ್ತು. ನಾನು ನೋಡಿದೆನೆಂದು ಅವಳಿಗೆ ತಿಳಿಯುವುದು ಹೇಗೋ ಎಂದು ಕೇಳಿದ್ದಕ್ಕೆ ಪ್ಯೇ ಸೋನ್, 'ನೋಡಿದ್ರೆ ಸಾಕಮ್ಮ, ಏನೂ ಒತ್ತಬೇಡ, ಹೆಸರು ಕಾಣುತ್ತೆ' ಅಂದ. ಎರಡು ಸಲ ಅಂದ. ಆಮೇಲೆ ತನ್ನ ಫೋನು ನನ್ನ ಕೈಲೇ ಬಿಟ್ಟು ಸ್ನಾನಕ್ಕೆ ಹೋದ. ಹಾರ್ಟ್ ಕೈತಪ್ಪಿ ಬಿತ್ತು ಎಂದು ಬರೆದರೆ ನೀನು ನಂಬುತ್ತೀಯ. ಕೈ ತಪ್ಪಲಿಲ್ಲ ಮಗಳೇ. ಅಮ್ಮ ನೋಡಿದಳು ಎಂದು ನಿನಗೆ ಗೊತ್ತಾಗಲಿ ಅನ್ನಿಸಿತು, ಅಷ್ಟೇ. ನನ್ನ ಹೆಸರಲ್ಲ, ಅವನ ಹೆಸರು ಬೀಳುತ್ತದೆ ಅನ್ನುವುದು ಆ ಗಳಿಗೆಯಲ್ಲಿ ತಲೆಗೇ ಹೋಗಲಿಲ್ಲ. ಅವನು ತಲೆ ಒರೆಸಿಕೊಳ್ಳುತ್ತಾ ಬಂದು, ನೋಡಿ, ತಕ್ಷಣ ತೆಗೆದುಹಾಕಿದ.

ಅಷ್ಟರೊಳಗೆ ಯಾರೋ ಅದರ ಚಿತ್ರ ತೆಗೆದು ಉಳಿಸಿಕೊಂಡಿದ್ದರು. ನಾಲ್ಕನೆಯ ದಿನ ಸರ್ಕಾರದ ಕಡೆಯವರ ಫೋನ್ ಗುಂಪಿನಲ್ಲಿ ಅವನ ಹೆಸರು, ಅವನು ಕೆಲಸ ಮಾಡುವ ಕನ್ನಡಕದಂಗಡಿಯ ವಿಳಾಸ ಎರಡೂ ಬಂದವು. ಮಧ್ಯಾಹ್ನ ಯಾರದೋ ಗಾಜು ಉಜ್ಜುತ್ತಿದ್ದವನನ್ನು ಅಲ್ಲಿಂದಲೇ ಎಬ್ಬಿಸಿಕೊಂಡು ಹೋದರು. ವಿಚಾರಣೆ ಜೈಲಿನೊಳಗೇ, ಹತ್ತು ನಿಮಿಷ. ವಕೀಲರು ಹೊರಗೆ ಬಂದು ಹೇಳಿದರು: ಯಾರು ಒತ್ತಿದ್ದು ಎಂದು ಕೇಳಿದಾಗ 'ನಾನೇ ಸ್ವಾಮಿ, ನಮ್ಮಕ್ಕ ಅಲ್ವಾ' ಅಂದನಂತೆ.

ನಾನು ಸುಮ್ಮನೆ ಕೂರಲಿಲ್ಲ. ತೇಂಗ್ ಹಾನನ ಕಚೇರಿಗೆ ಹೋಗಿ ಎಲ್ಲ ಹೇಳಿದೆ, ಬರೆದುಕೊಡುತ್ತೇನೆ ಅಂದೆ. ಅವನು ಎದ್ದು ಬಾಗಿಲು ಹಾಕಿದ. 'ಅಮ್ಮಾ, ಮನೆಗೆ ಹೋಗಿ. ನೀವು ಬರ್ಕೊಟ್ರೆ ಅವನನ್ನೇನೂ ಬಿಡಲ್ಲ, ಇಬ್ರನ್ನೂ ಇಟ್ಕೋತಾರೆ. ಮೇಷ್ಟ್ರಿಗೆ ಗಂಜಿ ಯಾರು ಹಾಕ್ತಾರೆ?' ನಾನು ಮನೆಗೆ ಬಂದೆ. ಹಾಗೆ ಬಂದದ್ದು ಅಪ್ಪನಿಗಾಗಿಯೋ, ಹೆದರಿಕೆಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒತ್ತಿದವಳು ನಾನೆಂದು ಅಪ್ಪನಿಗೂ ಹೇಳಿಲ್ಲ. ಪಗೋಡಕ್ಕೆ ಹೋದರೆ ಏನು ಬೇಡಿಕೊಳ್ಳಬೇಕೋ ತಿಳಿಯುವುದಿಲ್ಲ, ಹೂವಿಟ್ಟು ಬರುತ್ತೇನೆ. ಪಕ್ಕದ ಮನೆಯವರು ಮೊಹಿಂಗಾ ಮೀನುಸಾರು ಮಾಡಿದ ದಿನ ಬೇಲಿಯ ಮೇಲಿಂದ ಒಂದು ಬಟ್ಟಲು ಕೊಡುತ್ತಿದ್ದರಲ್ಲ, ಪ್ರಕಟಣೆ ಬಂದ ಮೇಲೆ ಅದೂ ನಿಂತಿದೆ. ನಿನ್ನ ಕಡೆಯವರಿಗೆ ನಾವು ಹೇಡಿಗಳು, ಸರ್ಕಾರದ ಕಡೆಯವರಿಗೆ ನಿನ್ನನ್ನು ಹೆತ್ತವರು.

ಬುದ್ಧ, ಧಮ್ಮ, ಸಂಘದ ನೆರಳು ನಿನ್ನ ಮೇಲಿರಲಿ. ಬಿಸಿನೀರು ಕುಡಿ. ಯಾರಾದರೂ ಒಳ್ಳೆಯ ಹುಡುಗ ಜೊತೆಗಿದ್ದರೆ ನನಗೆ ಹೇಳದಿದ್ದರೂ ಪರವಾಗಿಲ್ಲ, ಒಬ್ಬಳೇ ಇರಬೇಡ. ಓದಿದ ಕೂಡಲೇ ಇದನ್ನು ಸುಟ್ಟುಬಿಡು.

ನಿನ್ನನ್ನು ಹೆತ್ತವಳು,
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ವ್ಯಾಪಾರದ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು. ಸೋಮವಾರ ಜೈಲಿನ ಕಿಟಕಿಯಲ್ಲಿ ಪ್ಯೇ ಸೋನನ ಪೊಟ್ಟಣ ತೆಗೆದುಕೊಳ್ಳಲಿಲ್ಲ. ಗುಮಾಸ್ತ ಪುಸ್ತಕ ತಿರುವಿ, 'ಈ ಹೆಸರಿನವರು ಇಲ್ಲಿ ಯಾರೂ ಇಲ್ಲ' ಎಂದ. ಬೇರೆ ಜೈಲಿಗೆ ಕಳಿಸಿದರಾ ಎಂದು ಕೇಳಿದೆ, ಪುಸ್ತಕ ಮುಚ್ಚಿ ನನ್ನ ಹಿಂದಿದ್ದವರನ್ನು ಕರೆದ. ನೆನ್ನೆ ಮತ್ತೆ ಹೋದೆ, ಅದೇ ಮಾತು. ನಿನ್ನ ಪುಟದಲ್ಲಿ ಅವನ ಹೆಸರು ಹಾಕು, ಫೋಟೋ ಸಮೇತ, ತಂದೆ ತಾಯಿಯ ಹೆಸರನ್ನೂ ಸೇರಿಸಿ. ಎಲ್ಲಿದ್ದಾನೆ ಎಂದು ಕೇಳು. ಮನೆಯ ಯೋಚನೆ ಮಾಡಬೇಡ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಸೋಮವಾರದ ಪೊಟ್ಟಣಕ್ಕೆ ಒಣಸೀಗಡಿ ತರಲು ಪೇಟೆಗೆ ಹೋಗಿದ್ದಾರೆ.